ಬ್ಯಾಟರಿ ಪೆಟ್ಟಿಗೆಯ ಖಾಲಿ ಅರ್ಧ

"ಮುಟ್ಟಬೇಡಮ್ಮ, ಕೈ ಸುಡ್ತದೆ!"

ಕೇಶವಯ್ಯನವರು ಕೂಗುವ ಹೊತ್ತಿಗೆ ನನ್ನ ಕೈ ಪೆಟ್ಟಿಗೆಯೊಳಗೆ ಮೊಣಕೈವರೆಗೂ ಹೋಗಿಬಿಟ್ಟಿತ್ತು.

ಕಲ್ಯಾಣದುರ್ಗದ ಕಡ್ಲೆಕಾಯಿ ಮಿಲ್ಲಿನ ಅಂಗಳದಲ್ಲಿ ಬುಟ್ಟಿ ಗಾಡಿ ಪಕ್ಕಕ್ಕೆ ಮಲಗಿತ್ತು. ಉದ್ದನೆಯ ಕಬ್ಬಿಣದ ಕೈ, ಕೈಯ ತುದಿಗೆ ಒಬ್ಬ ಆಳು ನಿಲ್ಲುವಷ್ಟು ಬುಟ್ಟಿ. ಡೀಸೆಲ್ ಇಲ್ಲ, ಹೊಗೆ ಇಲ್ಲ, ಪೂರಾ ಬ್ಯಾಟರಿಯ ಮೇಲೆ ನಡೆಯುವ ಯಂತ್ರ. ನಿನ್ನೆ ಬೆಳಿಗ್ಗೆ ಮಿಲ್ಲಿನ ಎಲೆಕ್ಟ್ರಿಷಿಯನ್ ಎರ್ರಪ್ಪ ಈ ಬುಟ್ಟಿಯಲ್ಲಿ ನಿಂತು ಗೋಡೆಯ ತುದಿಯ ಲೈಟು ಬದಲಾಯಿಸಲು ಮೇಲೆ ಹೋಗಿದ್ದ. ಕಬ್ಬಿಣದ ಕೈ ಹೊರಗೆ ಚಾಚುತ್ತಿದ್ದಂತೆ ಗಾಡಿಯ ಹಿಂಭಾಗ ನೆಲ ಬಿಟ್ಟು ಎದ್ದಿತು. ಆಮೇಲೆ ಎಲ್ಲವೂ ಒಟ್ಟಿಗೇ ಕೆಳಗೆ ಬಂತು.

ಎರ್ರಪ್ಪ ಈಗ ಅನಂತಪುರದ ಆಸ್ಪತ್ರೆಯಲ್ಲಿದ್ದಾನೆ. ಸೊಂಟದ ಕೆಳಗೆ ಯಾರು ಮುಟ್ಟಿದರೂ ಅವನಿಗೆ ಗೊತ್ತಾಗುತ್ತಿಲ್ಲವಂತೆ. ಗಾಡಿ ನಡೆಸುತ್ತಿದ್ದ ಪೋತಪ್ಪ ಇಲ್ಲಿನ ಠಾಣೆಯ ಲಾಕಪ್ಪಿನಲ್ಲಿದ್ದಾನೆ. ನಾಳೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ.

ಗಾಡಿಯ ಯಜಮಾನರು ಹಿಂದೂಪುರದ ಮಲ್ಲಿಕಾರ್ಜುನಪ್ಪನವರು. ಅವರ ದೂರು ಚಿಕ್ಕದು, ಚೊಕ್ಕಟವಾದದ್ದು. ಒಳ್ಳೆಯ ಬ್ಯಾಟರಿಗಳನ್ನು ಪೋತಪ್ಪ ಕದ್ದು ಮಾರಿಕೊಂಡು, ಜಾಗಕ್ಕೆ ಹಳೆಯ ಲಾರಿ ಬ್ಯಾಟರಿ ತುರುಕಿದ್ದಾನೆ. ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಅವನೊಬ್ಬನ ಹತ್ತಿರ.

ಈ ಮಲ್ಲಿಕಾರ್ಜುನಪ್ಪನವರು ನನ್ನನ್ನು ಮದುವೆಯಾಗಲಿರುವ ಹುಡುಗನ ಸೋದರಮಾವ. ಸಂಬಂಧ ಕುದುರಿಸಿದವರೂ ಅವರೇ.

"ನಿಂಗೆ ಬೀಗರಾಗೋರಲ್ವೇನಮ್ಮ? ಮುಜುಗರ ಆದ್ರೆ ಬರಬೇಡ," ಎಂದು ಬೆಳಿಗ್ಗೆಯೇ ಹೇಳಿದ್ದರು ಕೇಶವಯ್ಯನವರು. ಅವರು ಇನ್ಶೂರೆನ್ಸ್ ಸರ್ವೇಯರು. ನಾನು ಅವರ ಆಫೀಸಿನಲ್ಲಿ ಬಿ.ಎಸ್ಸಿ. ಓದಿಕೊಂಡು ಟೈಪ್ ಮಾಡುವವಳು. ಅವರ ಮಂಡಿ ಬಗ್ಗುವುದಿಲ್ಲ. ಬಗ್ಗಿ ನೋಡಬೇಕಾದ್ದನ್ನೆಲ್ಲಾ ನಾನೇ ನೋಡಬೇಕು. ಬರುತ್ತೇನೆ ಎಂದಿದ್ದೆ. ಮಾತಾಡುವುದಕ್ಕಿಂತ ಬಗ್ಗಿ ನೋಡುವುದು ನನಗೆ ಯಾವಾಗಲೂ ಸುಲಭ.

"ಮುಚ್ಚಳದ ಮೇಲೆ ಏನೋ ಬರೆದಿದೆ ಸರ್."

"ಓದು."

ಇಂಗ್ಲಿಷಿನಲ್ಲಿ ಕೆತ್ತಿದ ತಗಡು. ಇಷ್ಟು ತೂಕಕ್ಕಿಂತ ಹಗುರವಾದ ಬ್ಯಾಟರಿ ಹಾಕಕೂಡದು, ಹಾಕಿದರೆ ಗಾಡಿ ಮಗುಚುತ್ತದೆ ಎಂದು ಅದರ ಸಾರ. ಕನ್ನಡದಲ್ಲಿ ಹೇಳಿದೆ.

"ಬ್ಯಾಟ್ರಿ ಅಗುರಾದ್ರೆ ಗಾಡಿ ಯಾಕ್ ಬೀಳ್ತದೆ?"

ಕೇಳಿದ್ದು ಪೋತಪ್ಪನ ಹೆಂಡತಿ ನಾಗಕ್ಕ. ಬೆಳಗುಪ್ಪ ಕಡೆಯ ಹಳ್ಳಿಯಿಂದ ಮುಂಜಾನೆಯ ಬಸ್ಸಿಗೇ ಬಂದು, ಠಾಣೆಯಲ್ಲಿ ಒಳಗೆ ಬಿಡದಿದ್ದಕ್ಕೆ ಇಲ್ಲಿ ಬಂದು ಕೂತಿದ್ದಳು. ಗಾಡಿಯನ್ನು ನೋಡುತ್ತಿದ್ದ ರೀತಿ, ಅದೇನಾದರೂ ಬಾಯಿ ಬಿಟ್ಟೀತೇನೋ ಎನ್ನುವ ಹಾಗಿತ್ತು.

ಕೇಶವಯ್ಯನವರು ತಮ್ಮ ಕೊಡೆಯನ್ನು ಹಿಡಿಕೆಯ ಕಡೆಯಿಂದ ಹಿಡಿದು ಮುಂದಕ್ಕೆ ನೆಟ್ಟಗೆ ಚಾಚಿದರು. "ನೋಡು ತಾಯಿ. ಕೊಡೆ ಎಷ್ಟು ಮುಂದಕ್ಕೆ ಹೋಗ್ತದೋ ಅಷ್ಟು ನನ್ನ ಮುಂಗೈ ಎಳೀತದೆ. ಹಿಂದೆ ಯಾರಾದ್ರೂ ಭಾರ ಬಿಟ್ಟು ಹಿಡ್ಕೊಂಡಿರಬೇಕು. ಈ ಗಾಡೀಲಿ ಹಿಂದೆ ಹಿಡ್ಕೊಂಡಿರೋದು ಬ್ಯಾಟರಿ ಪೆಟ್ಟಿಗೆ. ಲಾರಿ ಬ್ಯಾಟರಿ ಬೆಳಿಗ್ಗೆ ಒಂದು ಸಲ ಗುದ್ದಿ ಇಂಜಿನ್ ಎಬ್ಬಿಸ್ತದೆ, ಅಷ್ಟೇ ಅದರ ಕೆಲಸ. ಒಳಗಿನ ಸೀಸದ ಪ್ಲೇಟು ತೆಳು. ಇದರದ್ದು ದಿನವೆಲ್ಲಾ ನಿಧಾನಕ್ಕೆ ಕೊಡ್ತಾ ಇರಬೇಕು, ಪ್ಲೇಟು ದಪ್ಪ. ಆ ದಪ್ಪದ ಭಾರಾನೇ ಗಾಡೀನ ನೆಲಕ್ಕೆ ಕಚ್ಚಿಸಿರೋದು."

"ಅದನ್ನ ನಮ್ಮೋನು ಮಾರ್ಕಂಡ ಅಂತಾರೆ." ನಾಗಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಕುಡಿಯಲ್ಲ ಅಂತ ನಾನ್ ಹೇಳಲ್ಲ ಸಾಮಿ, ಕುಡೀತಾನೆ. ಎರಡು ಲೋಟ ಒಳಗೋದ್ರೆ ಸ್ವಂತ ಮನೆ ಬಾಗ್ಲು ಸಿಗಾಕಿಲ್ಲ ಅವನಿಗೆ, ಬ್ಯಾಟ್ರಿಗೆ ಗಿರಾಕಿ ಹುಡುಕ್ತಾನಾ? ಬೆಳಿಗ್ಗೆ ಠಾಣೆ ಕಿಟಕೀಲಿ ಕೇಳ್ದೆ, ಏನಾಯ್ತು ಹೇಳ್ಲಾ ಅಂತ. ಯಜಮಾನ್ರುಗೆ ಗೊತ್ತು, ಯಜಮಾನ್ರು ಬತ್ತಾರೆ. ಅಷ್ಟೇ ಮಾತು. ದೇವುಡು ಬತ್ತಾನೆ ಅಂದಂಗೆ ಅಂತಾನೆ ಸಾಮಿ."

ನಾನು ಮತ್ತೆ ಬಗ್ಗಿದೆ.

ಪೆಟ್ಟಿಗೆಯ ಒಂದು ಅರ್ಧದಲ್ಲಿ ಲಾರಿ ಬ್ಯಾಟರಿಗಳು ಕೇಬಲ್ಲಿಗೆ ಜೋತುಬಿದ್ದಿದ್ದವು. ಇನ್ನರ್ಧ ಖಾಲಿ. ಖಾಲಿ ಎಂದರೆ ಬರಿದಲ್ಲ. ತಳದ ಕಪ್ಪು ಬಣ್ಣದ ಮೇಲೆ ಗುಂಡಗಿನ ಉಜ್ಜಿದ ಗುರುತುಗಳಿದ್ದವು. ಗುರುತಿನಿಂದ ಅಂಚಿನವರೆಗೆ ಬೆಳ್ಳಗೆ ಗೀರು. ಯಾವುದೋ ಗಡುಸಾದ ಭಾರದ ವಸ್ತುವನ್ನು ಅಲ್ಲಿ ಇಟ್ಟಿದ್ದರು. ಆಮೇಲೆ ಎಳೆದು ಎತ್ತಿಕೊಂಡಿದ್ದರು.

ಯಾರೋ ತೂಕ ಸರಿಮಾಡಿದ್ದರು. ಅಂದರೆ ಬ್ಯಾಟರಿ ಬದಲಾಯಿಸಿದವನಿಗೆ ಭಾರದ ವಿಷಯ ಗೊತ್ತಿತ್ತು.

ಕದ್ದು ಮಾರುವವನು ಇಷ್ಟು ಯೋಚಿಸುತ್ತಾನೆಯೆ? ಇದನ್ನು ಕೂಗಿ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ಬೋಲ್ಟಿಗೆ ಸಿಕ್ಕಿಕೊಂಡಿದ್ದ ಹಗ್ಗದ ತುಂಡು ಕಾಣಿಸಿತು.

ಬೆರಳಿಟ್ಟೆ. ಹತ್ತಿ ಹುರಿ ಹಳೆಯ ಬೂದಿಯ ಹಾಗೆ ಉದುರಿತು. ಆಸಿಡ್ ಅದನ್ನು ತಿಂದುಬಿಟ್ಟಿತ್ತು. ಆದರೆ ಉದುರಿದ ಹತ್ತಿಯ ನಡುವೆ ಒಂದಿಷ್ಟು ಎಳೆ ಉಳಿಯಿತು. ನೇರಳೆ ಎಳೆ, ಅದಕ್ಕೆ ಸುತ್ತಿಕೊಂಡ ಹಳದಿ ಎಳೆ. ರೇಷ್ಮೆ. ಆಸಿಡ್ ಹತ್ತಿಯನ್ನು ತಿಂದಷ್ಟು ಬೇಗ ರೇಷ್ಮೆಯನ್ನು ತಿನ್ನುವುದಿಲ್ಲ.

ಹತ್ತಿ ಹುರಿಯ ಹೊಟ್ಟೆಗೆ ಹರಿದ ರೇಷ್ಮೆ ಎಳೆ ಸೇರಿಸಿ ಹೊಸೆಯುವವರನ್ನು ನಾನು ಒಬ್ಬರನ್ನೇ ಬಲ್ಲೆ. ಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆಗಳು, ಬಿಗಿಯಾಗಿ ನಿಲ್ಲಲು ಹಿಂದೆ ಕಲ್ಲು ತೂಗುಬಿಡುತ್ತೇವೆ. ಆ ಕಲ್ಲಿಗೆ ಕಟ್ಟುವ ಹುರಿ ಅದು. ಹುರಿ ಕಿತ್ತು ಕಲ್ಲು ಯಾರ ಪಾದದ ಮೇಲೂ ಬೀಳಬಾರದೆಂದು ನಮ್ಮಜ್ಜಿ ಹಾಗೆ ಹೊಸೆಯುತ್ತಿದ್ದಳು. ಅಜ್ಜಿಯಿಂದ ನಮ್ಮಮ್ಮ ಕಲಿತಳು. ನೇರಳೆ ಮತ್ತು ಹಳದಿ, ಅಪ್ಪ ತೀರಿಕೊಳ್ಳುವ ಮುಂಚೆ ನೇಯ್ದ ಕೊನೆಯ ಸೀರೆಯ ಬಣ್ಣ.

"ಏನಾದ್ರೂ ಸಿಕ್ತೇನಮ್ಮ?"

ಬಿಸಿಲು ಕುತ್ತಿಗೆಯ ಮೇಲೆ ಸುಡುತ್ತಿತ್ತು. ನಾಗಕ್ಕ ಎದ್ದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಎಳೆಗಳು ನನ್ನ ಅಂಗೈಯಲ್ಲಿ ಮುದುಡಿಕೊಂಡವು.

"ಇಲ್ಲ ಸರ್," ಎಂದೆ.

ನಾಗಕ್ಕ ಮತ್ತೆ ಕೂತಳು. ಅವಳು ಕೂತ ರೀತಿಯನ್ನು ಮಾತ್ರ ನೋಡಬಾರದಿತ್ತು.

*

ಕೇಶವಯ್ಯನವರು ಠಾಣೆಗೆ ಹೋಗಿ ಬರುತ್ತೇನೆಂದು ಅಲ್ಲೇ ಉಳಿದರು. ನಾನು ಒಬ್ಬಳೇ ಬಸ್ಸು ಹತ್ತಿ, ಪೆನುಕೊಂಡದಲ್ಲಿ ಇಳಿದು ನಮ್ಮೂರು ಹಿಂದೂಪುರಕ್ಕೆ ಇನ್ನೊಂದು ಹಿಡಿದೆ. ಎಳೆಗಳು ಪರ್ಸಿನಲ್ಲಿದ್ದವು. ಅಂಗೈ ಮಾತ್ರ ಉರಿಯುತ್ತಲೇ ಇತ್ತು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ತೊಳೆದಿದ್ದೆ, ಪೆನುಕೊಂಡದಲ್ಲೂ ತೊಳೆದೆ.

ಕಣ್ಣು ಮುಚ್ಚಿದರೆ ನನ್ನ ನಿಶ್ಚಿತಾರ್ಥದ ಸಂಜೆ ಬರುತ್ತಿತ್ತು. ಅಂದು ಕರೆಂಟು ಹೋಗಿ ಬೀದಿಗೆ ಬೀದಿಯೇ ಕತ್ತಲಾಗಿತ್ತು. ನಮ್ಮ ಮನೆ ಒಂದೇ ಬೆಳಗುತ್ತಿತ್ತು. ಜಗುಲಿಯ ತುಂಬ ಸಾಲು ಬಲ್ಬು, ಪೆಂಡಾಲಿಗೆ ಟ್ಯೂಬ್ ಲೈಟು, ನೆರೆಮನೆಯ ಗೋಡೆಗೂ ಚೆಲ್ಲುವಷ್ಟು ಬೆಳಕು. ಹುಡುಗನ ತಾಯಿ ಮೆಟ್ಟಿಲ ಮೇಲೇ ನಿಂತು, "ಏಮಿ ವೆಲುಗಮ್ಮಾ!" ಎಂದು ಆ ಬೆಳಕಿಗೆ ಬೆರಗಾಗಿದ್ದರು. ನನಗೆ ತಲೆಯೆತ್ತಿ ನೋಡಿಸಿಕೊಳ್ಳುವುದು ಬಾರದು. ಅವತ್ತು ಮಾತ್ರ ಆ ಬೆಳಕಿನಲ್ಲಿ ಸ್ವಲ್ಪ ತಲೆಯೆತ್ತಿ ಕೂತಿದ್ದೆ.

ಅಷ್ಟು ಬೆಳಕಿಗೆ ಬ್ಯಾಟರಿ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಅಣ್ಣ ವೆಂಕಟರಾಮನದು ಬ್ಯಾಟರಿ ಅಂಗಡಿ. ಮೂರು ಮಗ್ಗ ನಿಂತ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹಾಕಿದ್ದು. ಬುಟ್ಟಿ ಗಾಡಿಯ ಬ್ಯಾಟರಿ ನೋಡಿಕೊಳ್ಳುವವನೂ ಅವನೇ. ಎಲ್ಲಿಂದಲಾದರೂ ಬಂದಿರುತ್ತದೆ ಎಂದುಕೊಂಡಿದ್ದೆ. ಅದನ್ನು ಕೂಡ ಅಂದುಕೊಳ್ಳಲಿಲ್ಲವೇನೋ.

*

ಅಂಗಡಿಯಲ್ಲಿ ಅಣ್ಣ ಯಾರದೋ ಟ್ರ್ಯಾಕ್ಟರ್ ಬ್ಯಾಟರಿಯ ಮುಚ್ಚಳ ಬಿಚ್ಚಿ, ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಎದುರಿಗೆ ಬ್ಯಾಟರಿಯ ಒಡೆಯ ರೈತನೊಬ್ಬ ನಿಂತಿದ್ದ.

"ಬೋರ್ ನೀರು ಉಯ್ದಿದ್ದೀಯ ಕಣಪ್ಪ."

"ಇಲ್ಲ ಕಣಣ್ಣ, ಆಣೆಗೂ."

"ಒಳಗೆ ಉಪ್ಪು ಕಟ್ಟೈತೆ, ಆಣೆ ಬೇರೆ ಇಡ್ತಾನೆ. ಬಟ್ಟಿ ಇಳಿಸಿದ ನೀರು ತಗಂಡೋಗು ಅಂದ್ರೆ ಕೇಳಲ್ಲ. ಅದೂ ಚಾರ್ಜ್ ಆದ್ಮೇಲೆ ಉಯ್ಯಬೇಕು. ಮುಂಚೇನೇ ತುಂಬಿದ್ರೆ ಆಸಿಡ್ ಉಕ್ತದೆ. ನಿನ್ ಎಂಡ್ರು ಹಾಲು ಕಾಯ್ಸೋವಾಗ ಪಾತ್ರೆ ತುಂಬ ಉಯ್ತಾಳಾ?"

ರೈತ ನಕ್ಕು, ನಾಳೆ ಬತ್ತೀನಿ ಎಂದು ಹೋದ. ನಾನು ಬಾಗಿಲ ಒಂದು ಪಕ್ಕ ಎಳೆದುಕೊಂಡೆ.

"ಇದೇನು ಬನಶಂಕ್ರಿ, ಈಗ್ಲೇ ಬಾಗ್ಲಾಕ್ತೀಯ?"

ಮೂಲೆಯಲ್ಲಿ ಒದ್ದೆ ಗೋಣಿ ಮುಚ್ಚಿದ್ದ ಸಾಲಿನ ಹತ್ತಿರ ಹೋಗಿ ಗೋಣಿ ಎಳೆದೆ. ಲಾರಿಯದಕ್ಕಿಂತ ಎತ್ತರದ, ಕಿರಿದಾದ, ಒಬ್ಬರೇ ಎತ್ತಲಾರದ ಬ್ಯಾಟರಿಗಳು. ಒಂದರಿಂದ ಒಂದಕ್ಕೆ ವೈರು. ಒಳಗೆ ಸಣ್ಣಗೆ ಗುಳುಗುಳು ಸದ್ದು.

ಅಣ್ಣ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟ.

"ಯೋಳೋಣ ಅಂತಿದ್ದೆ."

"ಯಾರಿಗೆ? ಪೊಲೀಸ್ನೋರಿಗಾ, ನಂಗಾ?"

"ಕದ್ದಿಲ್ಲ ಕಣಮ್ಮಿ ನಾನು! ಯಜಮಾನ್ರೇ ತಗಂಡೋಗು ಅಂದ್ರು. ನಮ್ ಸಂಬಂಧ ಅಲ್ವೇನಪ್ಪ, ಬೀಗರ ಎದ್ರು ಕತ್ಲಾಗ್ಬಾರ್ದು ಅಂತ ಅವರ ಬಾಯಲ್ಲೇ ಬಂತು. ಪೋತಪ್ಪ ಅವಾಗ ಊರಿಗೋಗಿದ್ದ. ನಾನೂ ಯಜಮಾನ್ರೂ ಇಬ್ರೇ ಸೇರಿ ಇಳ್ಸಿದ್ವಿ."

"ವಾಪಸ್ ಯಾಕೆ ಹಾಕಲಿಲ್ಲ?"

ಅವನು ಗೋಣಿಯನ್ನು ಮತ್ತೆ ಮುಚ್ಚಲು ಹೋದ. ಮುಚ್ಚದೆ ಹಾಗೇ ಹಿಡಿದುಕೊಂಡ.

"ಅವತ್ತು ಪೂರಾ ಇಳಿಸ್ಬುಟ್ಟೆ. ಯಾವ ಬ್ಯಾಟ್ರೀನೂ ಅಷ್ಟು ಇಳಿಸ್ಬಾರ್ದು, ಗೊತ್ತು. ಅರ್ಧ ಆಗೋವಾಗ್ಲೇ ನಿಲ್ಲಿಸ್ಬೇಕಿತ್ತು. ಆದ್ರೆ ಹುಡುಗನ ಕಡೆಯೋರು ಇನ್ನೂ ಊಟಕ್ಕೆ ಕೂತಿದ್ರು, ಎಂಗ್ ಆರಿಸ್ಲಿ? ಆಮೇಲೆ ಕೆಲಸದ ಮೇಲೆ ಕೆಲಸ, ಚಾರ್ಜಿಗೆ ಹಾಕ್ದೆ ಹಂಗೇ ಬಿಟ್ಟೆ. ಪ್ಲೇಟೆಲ್ಲಾ ಬೆಳ್ಳಗೆ ಕಟ್ಕಂಡ್ಬುಡ್ತು. ಈಗ ಸಣ್ಣ ಕರೆಂಟಲ್ಲಿ ದಿನಗಟ್ಲೆ ತಿನ್ನಿಸ್ತಾ ಇವ್ನಿ, ಬಂದ್ರೆ ಬತ್ತವೆ. ದಿನಾ ಊರಿಗೆಲ್ಲಾ ಬುದ್ಧಿ ಹೇಳೋನು ನಾನು, ಇದನ್ನ ಕಂಡೋರಿಗೆ ಎಂಗ್ ಹೇಳ್ಲಿ? ನಾಚ್ಕೆ ಆಯ್ತು. ಅದಕ್ಕೆ ಗೋಣಿ ಮುಚ್ಚಿದ್ದು."

"ಅಲ್ಲಿಗೆ ಲಾರಿ ಬ್ಯಾಟರಿ ಹಾಕಿದೆ."

"ಶೆಡ್ಡಲ್ಲಿ ಹಿಂದಕ್ ಮುಂದಕ್ ಸರಿಸೋಕೆ ಮಾತ್ರ! ಬಾಡಿಗೆಗೆ ಕಳಿಸ್ಬ್ಯಾಡಿ ಅಂತ ಕೈ ಮುಗಿದು ಹೇಳಿವ್ನಿ. ಆದ್ರೂ ಭಾರ ಕಮ್ಮಿಯಾಗ್ಬಾರ್ದು ಅಂತ..."

ಅವನು ನಿಲ್ಲಿಸಿದ. ನಾನು ಪರ್ಸು ತೆಗೆದು ಎಳೆಗಳನ್ನು ಅವನ ಮುಂದಿನ ಬ್ಯಾಟರಿಯ ಮೇಲಿಟ್ಟೆ.

"ಅಂತ ನಮ್ಮ ಮಗ್ಗದ ಕಲ್ಲು ಇಟ್ಟೆ."

"ಊಂ. ಹುಣಸೆಹಣ್ಣಿನ ಮಂಡಿ ತಕ್ಕಡೀಲಿ ತೂಗಿ ಇಟ್ಟೆ. ಮುಚ್ಚಳದ ಮೇಲಿನ ಲೆಕ್ಕಕ್ಕಿಂತ ಒಂದು ಹಿಡಿ ಜಾಸ್ತೀನೇ ಇತ್ತು. ಇದನ್ನ ಕೇಶವಯ್ಯನೋರು ನೋಡಿದ್ರಾ?"

"ಇಲ್ಲ. ನಾನು ತೋರಿಸಲಿಲ್ಲ."

ಅವನು ನನ್ನನ್ನು ಬಿಟ್ಟಗಣ್ಣಿನಿಂದ ನೋಡಿದ. "ತೋರಿಸ್ಬೇಕಿತ್ತು ಕಣೇ. ಅಲ್ಲೇ, ಬೋಲ್ಟಿನ ಮೇಲೆ ಇದ್ದಂಗೇ ತೋರಿಸಿದ್ರೆ ಸಾಕ್ಷಿ. ನಿನ್ ಪರ್ಸಿಂದ ಬಂದ್ರೆ ಇದು ನಮ್ಮನೆ ಕಸ."

ಮನೆಯ ಮಾನ ಉಳಿಸುತ್ತಿದ್ದೇನೆ ಎಂದುಕೊಂಡು ಅಣ್ಣನ ಕೈಗಿದ್ದ ಒಂದೇ ಆಸರೆಯನ್ನು ಕಿತ್ತುಕೊಂಡು ಬಂದಿದ್ದೆ.

"ಕಲ್ಲು ಅಲ್ಲಿರಲಿಲ್ಲ ಅಣ್ಣ," ಎಂದೆ ಕಡೆಗೆ. "ಪೆಟ್ಟಿಗೆ ಖಾಲಿ ಇತ್ತು. ಗಾಡಿ ಬಿದ್ದಾಗ ಹೊರಗೆ ಉರುಳಿದ್ದರೆ ಅಂಗಳದಲ್ಲಿ ಸಿಗಬೇಕಿತ್ತು. ಅಂಗಳವೆಲ್ಲಾ ನೋಡಿದೆ. ಗೀರಿನ ಗುರುತು ಬೇರೆ ಇದೆ. ಯಾರೋ ಎತ್ತಿಕೊಂಡಿದ್ದಾರೆ, ಮೊದಲೇ."

"ಯಾರು ಎತ್ತಾರೆ? ಕಲ್ಲನ್ನ ಯಾರು ಕದೀತಾರೆ?"

ಹಿತ್ತಿಲಿನಿಂದ ನೀರು ಹೊಯ್ಯುವ ಸದ್ದು ಬಂತು. ಕಲ್ಲಿಗೆ ಕಲ್ಲು ತಾಗಿದ ಸದ್ದೂ.

ಅಣ್ಣ ನನಗಿಂತ ಮೊದಲು ಓಡಿದ.

*

ಅಮ್ಮ ಬಾವಿಕಟ್ಟೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದಳು. ಸುತ್ತಲೂ ಮಗ್ಗದ ಕಲ್ಲುಗಳು. ಕೆಲವು ತೊಳೆದು ಸಾಲಾಗಿ ಇಟ್ಟವು, ಅರಿಶಿನ ಹಚ್ಚಿ ಕುಂಕುಮದ ಬೊಟ್ಟು ಇಟ್ಟವು. ಕೆಲವಕ್ಕೆ ಹಳೆಯ ಹುರಿ ಹರಿದುಹೋಗಿತ್ತು. ಪಕ್ಕದಲ್ಲಿ ಹೊಸ ಹುರಿಯ ಸುತ್ತು.

"ಬಂದ್ಯೇನೇ? ಕೈಕಾಲು ತೊಳ್ಕೋ. ನಾಳೆ ಬೆಳಿಗ್ಗೆ ನಿನ್ ಸೀರೆ ಹಾಸು ಏರ್ಸೋದು."

ನಮ್ಮ ಮನೆಯ ಪದ್ಧತಿ ಅದು. ಮನೆ ಮಗಳ ಧಾರೆ ಸೀರೆಗೆ ಹಾಸು ಏರಿಸುವ ಮುಂಚೆ ಮಗ್ಗದ ಕಲ್ಲುಗಳನ್ನೆಲ್ಲಾ ತೊಳೆದು ಪೂಜೆ ಮಾಡಬೇಕು. ಒಂದು ಕಲ್ಲೂ ಹೊರಗಿರಬಾರದು. ಮೂರು ಮಗ್ಗ ಹೋಗಿ ಒಂದೇ ಉಳಿದಿದ್ದರೂ ಕಲ್ಲು ಮಾತ್ರ ಎಲ್ಲವೂ ಉಳಿದಿದ್ದವು.

"ಅಮ್ಮ, ಈ ಕಲ್ಲು ಎಲ್ಲಿಂದ ತಂದೆ?" ಅಣ್ಣ ಕೇಳಿದ.

"ಎಲ್ಲಿಂದ ಅಂದ್ರೆ? ನೀನೇ ಹೇಳ್ದಲ್ಲ, ಯಜಮಾನ್ರ ಶೆಡ್ಡಲ್ಲಿ ಮಡಗಿವ್ನಿ ಅಂತ. ಮಗ್ಗದ ಕಲ್ಲನ್ನ ಗಾಡಿ ಪೆಟ್ಟಿಗೇಲಿ ಮಡಗ್ತಾರೇನ್ಲಾ, ಬುದ್ಧಿ ಬ್ಯಾಡ್ವಾ? ನಮ್ಮತ್ತೆ ಕಾಲದವು. ನಿಂಗೇಳಿದ್ರೆ ನಾಳೆ ನಾಡಿದ್ದು ಅಂತೀಯ. ನಾನೇ ಆಟೋ ಮಾಡ್ಕಂಡೋಗಿ ತಂದೆ."

"ಯಾವತ್ತು?"

"ಮೊನ್ನೆ ಸಾಯಂಕಾಲ."

ಗಾಡಿ ಲಾರಿಯ ಮೇಲೆ ಕಲ್ಯಾಣದುರ್ಗಕ್ಕೆ ಹೊರಟದ್ದು ನಿನ್ನೆ ನಸುಕಿನಲ್ಲಿ.

ಅಮ್ಮ ಮೇಲೆ ನೋಡಿದಳು. ನಮ್ಮ ಮುಖ ನೋಡಿ, ಕಲ್ಲು ನೋಡಿ, ಮತ್ತೆ ನಮ್ಮ ಮುಖ ನೋಡಿದಳು. ಹೇಳಬೇಕಾಗಿತ್ತು. ಅಣ್ಣನಿಂದಾಗಲಿಲ್ಲ, ನಾನೇ ಹೇಳಿದೆ. ಕೊಡೆಯ ಉಪಮಾನವೆಲ್ಲಾ ಬೇಕಾಗಲಿಲ್ಲ. ಅವಳು ನೇಯ್ಗೆಯವಳು, ಹಿಂದಿನ ಕಲ್ಲು ಬಿಚ್ಚಿದರೆ ಮುಂದಿನದು ಏನಾಗುತ್ತದೆಂದು ಎರಡನೇ ಮಾತಿಗೇ ಅವಳಿಗೆ ಹೊಳೆಯಿತು.

"ಆ ಎರ್ರಪ್ಪನಿಗೆ ಮಕ್ಳವರಾ?" ಎಂದಳು.

"ಗೊತ್ತಿಲ್ಲಮ್ಮ."

"ನನ್ ಕೈಯಿಂದ್ಲೇ." ಅವಳು ಅರಿಶಿನದ ಕೈ ನೋಡಿಕೊಂಡಳು. ಒರೆಸಿಕೊಳ್ಳಲು ಸೆರಗು ಎತ್ತಿದಳು, ಒರೆಸಲಿಲ್ಲ. "ನಿನ್ ಸೀರೆಗೆ ಅಂತ ತಂದೆ ಕಣೇ. ಕೇಳೇ ತಂದೆ. ಇವಿಲ್ದಿದ್ರೆ ಗಾಡಿಗೇನಾಗಲ್ವಾ ಅಂತ ಕೇಳ್ದೆ ನಾನು."

"ಯಾರನ್ನ ಕೇಳಿದೆ?"

"ಯಜಮಾನ್ರನ್ನ. ಇನ್ಯಾರನ್ನ? ಅವ್ರೇ ಬೀಗ ತಗದ್ರು, ಅವ್ರೇ ಎತ್ತಿ ಎತ್ತಿ ಆಟೋಗಿಟ್ರು. ಅಷ್ಟು ದೊಡ್ಮನುಸ್ರು ನನ್ ಕೈಲಿ ಒಂದು ಕಲ್ಲೂ ಎತ್ಸಲಿಲ್ಲ. ಗಾಡಿ ಎಲ್ಲೂ ಹೋಗಲ್ಲ ತಗಂಡೋಗಿ ತಾಯಿ ಅಂದ್ರು."

ಅಣ್ಣ ಬಾವಿಕಟ್ಟೆಗೆ ಒರಗಿದ. "ಅವತ್ತು ಬೆಳಿಗ್ಗೇನೇ ಹೇಳಿದ್ದೆ ಬನಶಂಕ್ರಿ ಅವರಿಗೆ. ಏನಾದ್ರೂ ಆಗ್ಲಿ ಕಲ್ಲು ಮುಟ್ಬ್ಯಾಡಿ, ಮುಟ್ಟಿದ್ರೆ ಗಾಡಿ ಮಗುಚ್ತದೆ ಅಂತ. ತಲೆ ಅಲ್ಲಾಡಿಸಿದ್ರು."

ಗೊತ್ತಿದ್ದೇ ಎತ್ತಿಕೊಟ್ಟಿದ್ದರು. ಗೊತ್ತಿದ್ದೇ ಮರುದಿನ ನಸುಕಿಗೆ ಗಾಡಿ ಕಳಿಸಿದ್ದರು. ಬೀಗದ ಕೈ ಪೋತಪ್ಪನೊಬ್ಬನ ಹತ್ತಿರ ಇತ್ತೆಂದು ಬರೆದುಕೊಟ್ಟಿದ್ದರು. ಅವರೇ ಬೀಗ ತೆಗೆದು ಕಲ್ಲು ಎತ್ತಿಕೊಟ್ಟದ್ದನ್ನು ಕಣ್ಣಾರೆ ಕಂಡವಳು ಒಬ್ಬಳೇ, ಅರಿಶಿನದ ಕೈಯವಳು.

"ನಡೀ," ಎಂದಳು ಅಮ್ಮ, ಮಂಡಿ ಹಿಡಿದು ಏಳುತ್ತಾ. "ಕಲ್ಯಾಣದುರ್ಗಕ್ಕೆ ಈಗ ಬಸ್ಸೈತಾ? ಆ ಹುಡುಗನ್ನ ಬಿಡಿಸ್ಕಂಡು ಬರಣ. ಹೋಗಿ ಹೇಳ್ತೀನಿ. ನಾಚ್ಕೆ ಅಂತ ಕೂತ್ರೆ ಆಯ್ತದಾ?"

ನಾಚಿಕೆ ಎಂದು ಕೂತವಳು ನಾನು. ಅವಳು ನನ್ನನ್ನು ಉದ್ದೇಶಿಸಿ ಹೇಳಿರಲಿಲ್ಲ. ಆದರೂ ಸರಿಯಾಗಿ ನನ್ನ ಮೇಲೇ ಬಿತ್ತು.

"ಪದ್ಮಾವತಮ್ಮನೋರು ಎಲ್ಲಿಗೋ ಹೊರಟಂಗದೆ?"

ನಡುಮನೆಯ ಬಾಗಿಲಲ್ಲಿ ಮಲ್ಲಿಕಾರ್ಜುನಪ್ಪನವರು ನಿಂತಿದ್ದರು. ಗರಿಗರಿ ಬಿಳಿ ಪಂಚೆ, ಕೈಯಲ್ಲಿ ಹಿತ್ತಾಳೆ ತಟ್ಟೆ; ಅದರಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಮಲ್ಲಿಗೆ ದಂಡೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಲಗ್ನದ ದಿನ ಗೊತ್ತಾಯ್ತು. ನಾನೇ ಹೇಳಿ ಹೋಗೋಣ ಅಂತ ಬಂದೆ." ಕಲ್ಲುಗಳ ಮೇಲೆ ಕಣ್ಣಾಡಿಸಿ ನಕ್ಕರು. "ಪೂಜೆ ಜೋರಾಗದೆ."

"ಯಜಮಾನ್ರೇ," ಅಮ್ಮ ಎರಡು ಹೆಜ್ಜೆ ಮುಂದೆ ಬಂದಳು. "ಬೀಗ ನೀವೇ ತಗದ್ರಿ ಅಲ್ವಾ? ನನ್ ಮಗಳಿಗೆ ಹೇಳಿ ಒಂದ್ಸಲ."

"ಹೂಂ, ನಾನೇ ತಗದೆ. ಇಲ್ಲಿ ಹೇಳೋಕೇನು? ನಮ್ಮೋರೇ ಎಲ್ಲ." ಅವರ ದನಿ ಬೆಣ್ಣೆಯಂತಿತ್ತು. "ಹೊರಗೆ ಮಾತ್ರ ನೀವು ಆ ಮಾತಾಡಬೇಡಿ. ಆಡಿದ್ರೆ ಬ್ಯಾಟ್ರಿ ಯಾರು ಒಯ್ದ್ರು, ಯಾತಕ್ಕೆ ಒಯ್ದ್ರು ಅಂತ ಬತ್ತದೆ. ಹುಡುಗಿ ನಿಶ್ಚಿತಾರ್ಥದ ದೀಪಕ್ಕೆ ಒಬ್ಬನ ಸೊಂಟ ಮುರೀತು ಅಂತ ಊರು ಆಡ್ಕಂತದೆ. ನಮ್ಮ ಅಕ್ಕ ಆ ಮಾತು ಕೇಳಿಸ್ಕಂಡು ಸೊಸೆ ತರ್ತಾಳಾ? ಪೋತಪ್ಪನ ಸಂಸಾರ ನಾನ್ ನೋಡ್ಕಂತೀನಿ. ತಗಳ್ಳಿ."

ತಟ್ಟೆ ಚಾಚಿದರು. ಅಮ್ಮನ ಕೈಗಳು ತಮ್ಮಷ್ಟಕ್ಕೆ ತಾವೇ ಮುಂದೆ ಹೋದವು. ಮನೆಗೆ ಬಂದ ತಾಂಬೂಲವನ್ನು ಅವಳು ಜನ್ಮದಲ್ಲಿ ನಿರಾಕರಿಸಿದವಳಲ್ಲ. ತಟ್ಟೆ ಅವಳ ಕೈಗೆ ಬಂದಮೇಲೆ ಅವಳಿಗೇ ಗೊತ್ತಾಗಿ, ಅದನ್ನು ಇಡುವುದೋ ಹಿಡಿಯುವುದೋ ತಿಳಿಯದೆ ನಿಂತಳು. ತಲೆ ತಗ್ಗಿತು.

ಅಮ್ಮನ ತಲೆ ಹಾಗೆ ತಗ್ಗಿದ್ದನ್ನು ನಾನು ಅಪ್ಪ ಹೋದ ದಿನವೂ ನೋಡಿರಲಿಲ್ಲ.

ನಾನು ಹೋಗಿ ತಟ್ಟೆ ತೆಗೆದುಕೊಂಡೆ. ಮಲ್ಲಿಗೆಯ ವಾಸನೆ ಮೂಗಿಗೆ ಬಡಿಯಿತು. ಮಲ್ಲಿಕಾರ್ಜುನಪ್ಪನವರ ಮುಂದೆ ನಿಂತು ಅವರ ಕೈಗೇ ವಾಪಸ್ಸಿಟ್ಟೆ. ಒಂದು ಅಡಿಕೆ ಉರುಳಿ ಕೆಳಗೆ ಬಿತ್ತು.

"ಬ್ಯಾಡ ಮಾವ," ಎಂದೆ.

ತಾಂಬೂಲ ಹಿಂದಿರುಗಿದರೆ ಸಂಬಂಧ ಮುರಿದ ಹಾಗೆ. ಅದಕ್ಕೆ ಬೇರೆ ಮಾತು ಬೇಕಿಲ್ಲ.

ಅವರು ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ತಟ್ಟೆಯನ್ನು ಕಂಕುಳಿಗೆ ಸೇರಿಸಿ, ಮಗುವಿನ ಹಟ ನೋಡಿದ ಹಾಗೆ ನನ್ನನ್ನು ನೋಡಿದರು.

"ಸರೆ. ಬೀಗಸ್ತನ ಇತ್ತು, ಬಾಯಿ ಕಟ್ಟಿತ್ತು. ಈಗ ಬಿಡು, ನಂಗೂ ಅಗುರಾಯ್ತು. ಮಧ್ಯಾಹ್ನ ಫೋನ್ ಬಂದಿತ್ತಮ್ಮ ಕಲ್ಯಾಣದುರ್ಗದಿಂದ. ಪೋತಪ್ಪ ಒಪ್ಕಂಡವ್ನೆ."

"ಏನಂತ?" ಎಂದೆ.

"ಬ್ಯಾಟ್ರಿ ಕದ್ದು ಮಾರ್ದೆ ಅಂತ. ಪಾಪ, ಯಾರಿಗೆ ಮಾರ್ದೆ ಅಂತಾನೂ ಹೇಳವ್ನೆ." ಅವರು ನನ್ನನ್ನು ದಾಟಿ ಅಣ್ಣನ ಕಡೆ ನೋಡಿದರು. "ಮಾಲು ಇನ್ನೂ ಅಂಗಡೀಲೇ ಐತಲ್ವೇನಪ್ಪ ವೆಂಕಟರಾಮ? ಗೋಣಿ ಮುಚ್ಚಿ?"

ಅಣ್ಣ ಅಂಗಡಿಯ ಕಡೆ ತಿರುಗಿ ನೋಡಿದ.

ಮುಟ್ಟದ ಬ್ಯಾಟರಿಯನ್ನು ಪೋತಪ್ಪ ಮಾರಿದೆನೆಂದದ್ದು ಏಕೆ? ಊರಲ್ಲೇ ಇಲ್ಲದವನಿಗೆ ಅವು ಅಣ್ಣನ ಅಂಗಡಿಯಲ್ಲಿವೆ ಎಂದು ಹೇಳಿಕೊಟ್ಟವರು ಯಾರು? ಯೋಚಿಸಲು ಹೊತ್ತಿರಲಿಲ್ಲ. ಬೀದಿಯಲ್ಲಿ ಜೀಪು ನಿಂತ ಸದ್ದಾಗಿ, ನಾನು ಹಿತ್ತಿಲಿನಿಂದ ಮುಂದಿನ ಕೋಣೆಗೆ ಓಡಿದೆ. ನೆರೆಮನೆಯ ಜಗುಲಿಗಳಲ್ಲಿ ಒಬ್ಬೊಬ್ಬರೇ ಹೊರಗೆ ಬಂದು ನಿಲ್ಲುತ್ತಿದ್ದರು.

ನಾನು ಅಂಗಡಿಯ ಅರ್ಧ ಎಳೆದ ಬಾಗಿಲ ಸಂದಿಯಿಂದ ನೋಡಿದೆ.

ಪೊಲೀಸ್ ಜೀಪಿನಿಂದ ಮೊದಲು ಇಳಿದವರು ಪೊಲೀಸರಲ್ಲ. ಬಗ್ಗದ ಮಂಡಿಯನ್ನು ಕಷ್ಟದಿಂದ ಕೆಳಗಿಡುತ್ತಾ, ಇನ್ಸ್‌ಪೆಕ್ಟರಿಗೆ ನಮ್ಮ ಬಾಗಿಲನ್ನು ಕೊಡೆಯಿಂದ ತೋರಿಸುತ್ತಿದ್ದವರು, ಠಾಣೆಗೆಂದು ಕಲ್ಯಾಣದುರ್ಗದಲ್ಲೇ ಉಳಿದಿದ್ದ ಕೇಶವಯ್ಯನವರು.